ರೋಮ್‌ನಲ್ಲಿ ನೆಲ ಹುಡುಕುತ್ತಾ ನಡೆಯಿರಿ: ಹಳೆಯ ಚರ್ಚುಗಳಿಗೂ ಪ್ರಾಚೀನ ಅವಶೇಷಗಳಿಗೂ ಒಂದು ಮಾರ್ಗದರ್ಶಿ

ರೋಮ್‌ಗೆ ಹೋಗುವವರ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ. ಒಂದು ದಿನ ಕೊಲೋಸಿಯಂ ಮತ್ತು ಸುತ್ತಲಿನ ಪಾಳುಬಿದ್ದ ಕಟ್ಟಡಗಳು. ಇನ್ನೊಂದು ದಿನ ವ್ಯಾಟಿಕನ್ ಮತ್ತು ಚರ್ಚುಗಳು. ಟೂರ್ ಪ್ಯಾಕೇಜುಗಳೂ ಹೀಗೇ ಹಂಚಿಕೊಂಡಿರುತ್ತವೆ. ಆದರೆ ಈ ಊರಲ್ಲಿ ಎರಡನ್ನೂ ಬೇರೆ ಮಾಡಿ ನೋಡಿದರೆ ನಿಜವಾದ ಸ್ವಾರಸ್ಯ ತಪ್ಪಿಹೋಗುತ್ತದೆ. ಇಲ್ಲಿ ಚರ್ಚು ನಿಂತಿರುವುದೇ ಪ್ರಾಚೀನ ಕಟ್ಟಡದ ಮೇಲೆ, ಅದರ ಒಳಗೆ, ಇಲ್ಲವೇ ಅದರ ಕಂಬಗಳ ನಡುವೆ. ಪ್ರಾಚೀನ ರೋಮನ್ ದೇವರುಗಳ ಎಷ್ಟೋ ದೇವಾಲಯಗಳು ಇವತ್ತು ಉಳಿದಿರುವುದು ಅವು ಚರ್ಚಾದವು ಎಂಬ ಒಂದೇ ಕಾರಣಕ್ಕೆ.

ಹಾಗಾಗಿ ಎಲ್ಲಿ ಹೋದರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಆಗ ನೆಲ ಎಲ್ಲಿತ್ತು? ತೀಬರ್ ನದಿ ಶತಮಾನಗಳ ಕಾಲ ಉಕ್ಕಿ ಹರಿದು ಹೂಳು ತುಂಬಿತು. ಬಿದ್ದ ಕಟ್ಟಡಗಳ ಕಲ್ಲುಮಣ್ಣನ್ನು ಯಾರೂ ಹೊರಗೆ ಸಾಗಿಸಲಿಲ್ಲ, ಅದರ ಮೇಲೇ ಹೊಸದನ್ನು ಕಟ್ಟಿದರು. ಊರು ಮೇಲಕ್ಕೆ ಬೆಳೆಯುತ್ತಾ ಹೋಯಿತು. ಈ ಏರಿಕೆಯನ್ನು ಕಣ್ಣಾರೆ ನೋಡುವ ಹಾಗೆ ನಾಲ್ಕು ದಿನದ ದಾರಿಯೊಂದನ್ನು ಕೆಳಗೆ ಕೊಟ್ಟಿದ್ದೇನೆ. ಮೂರೇ ದಿನ ಇದ್ದರೆ ಎರಡನೆಯ ದಿನದ್ದನ್ನು ಬಿಡಿ. ಮೊದಲ ದಿನದ್ದನ್ನು ಮಾತ್ರ ಬಿಡಬೇಡಿ.

ಹೊರಡುವ ಮುಂಚೆ

ವೀಸಾ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬೇಕಿರುವುದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಬೇಸಿಗೆ ರಜೆಗೆ ಹೋಗುವವರು ಜನವರಿ ಫೆಬ್ರವರಿಯಲ್ಲೇ ಅಪಾಯಿಂಟ್‌ಮೆಂಟ್ ಹಿಡಿದುಕೊಳ್ಳಿ.

ವೀಸಾ ಅಲ್ಲದೆ ಮುಖ್ಯವಾಗಿ ಎರಡು ಬುಕಿಂಗ್.

ಮೊದಲನೆಯದು ಕೊಲೋಸಿಯಂ. ಅಧಿಕೃತ ವೆಬ್‌ಸೈಟಿನಲ್ಲಿ ಭೇಟಿಯ ದಿನಕ್ಕೆ ಸುಮಾರು 30 ದಿನ ಮುಂಚೆ ಟಿಕೆಟ್ ಬಿಡುತ್ತಾರೆ. ಕೊಲೋಸಿಯಂ, ರೋಮನ್ ಫೋರಂ (ಪ್ರಾಚೀನ ರೋಮ್‌ನ ಸಾರ್ವಜನಿಕ ಚೌಕ), ಪಕ್ಕದ ಪಾಲಟೈನ್ ಬೆಟ್ಟ ಮೂರೂ ಸೇರಿದ ಸಾಮಾನ್ಯ ಟಿಕೆಟ್‌ಗೆ 18 ಯೂರೊ. ಟಿಕೆಟ್ ಮೇಲೆ ನಿಮ್ಮ ಹೆಸರು ಇರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ತಾಳೆ ನೋಡುತ್ತಾರೆ. ಆದ್ದರಿಂದ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹಾಕಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುತ್ತದಲ್ವಾ, ಅದನ್ನು ಇಲ್ಲೇ ಸರಿಮಾಡಿಕೊಳ್ಳಿ. ಸಮಯ ಮಧ್ಯಾಹ್ನ 12ರ ಆಸುಪಾಸು ಆರಿಸಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಎರಡನೆಯದು ವ್ಯಾಟಿಕನ್‌ನಲ್ಲಿ ಸಂತ ಪೇತ್ರರ ಬಸಿಲಿಕಾದ, ಅಂದರೆ ದೊಡ್ಡ ಚರ್ಚಿನ, ಅಡಿಯಲ್ಲಿರುವ ಪ್ರಾಚೀನ ಸ್ಮಶಾನ. ಇದಕ್ಕೆ ಉತ್ಖನನ ಕಚೇರಿಗೆ, ಅಂದರೆ ಉಫಿಚ್ಚೊ ಸ್ಕಾವಿಗೆ, ಮುಂಚಿತವಾಗಿ ಬರೆದು ಅನುಮತಿ ಪಡೆಯಬೇಕು. ದಿನಕ್ಕೆ ಸ್ವಲ್ಪ ಜನರನ್ನು ಮಾತ್ರ, ಸಣ್ಣ ಗುಂಪುಗಳಲ್ಲಿ ಬಿಡುತ್ತಾರೆ. 15 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪ್ರವೇಶ ಇಲ್ಲ. ತಿಂಗಳುಗಟ್ಟಲೆ ಮುಂಚೆಯೇ ಬರೆಯಿರಿ. ಪ್ರವಾಸದ ತಾರೀಕು ಖಚಿತವಾದ ದಿನವೇ ಮಾಡುವ ಮೊದಲ ಕೆಲಸ ಇದಾಗಲಿ.

ಬಟ್ಟೆ, ಚಪ್ಪಲಿ, ಹೊತ್ತು

ಚರ್ಚುಗಳಲ್ಲಿ ಭುಜ ಮತ್ತು ಮಂಡಿ ಮುಚ್ಚಿರಬೇಕು. ಗಂಡಸರಿಗೂ ಇದೇ ನಿಯಮ. ಚಡ್ಡಿ ಹಾಕಿಕೊಂಡು ಬಂದವರನ್ನು ಸಂತ ಪೇತ್ರರ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ. ಸಲ್ವಾರ್, ಕುರ್ತಾ, ಸೀರೆ ಉಡುವವರಿಗೆ ಚಿಂತೆ ಇಲ್ಲ. ಒಂದು ದುಪಟ್ಟಾ ಸದಾ ಬ್ಯಾಗಿನಲ್ಲಿರಲಿ. ಬಿಸಿಲಿಗೂ ಆಯಿತು, ಚರ್ಚಿಗೂ ಆಯಿತು.

ಬೀದಿಗಳೆಲ್ಲ ಸಣ್ಣ ಕಪ್ಪು ಕಲ್ಲುಗಳ ಹಾಸು. ತೆಳು ಅಟ್ಟೆಯ ಚಪ್ಪಲಿಯಲ್ಲಿ ಸಂಜೆಯ ಹೊತ್ತಿಗೆ ಪಾದ ಉರಿಯುತ್ತದೆ. ಶೂ ಹಾಕಿಕೊಳ್ಳಿ.

ಸಮಯದ ವಿಷಯದಲ್ಲಿ ನೆನಪಿಡಬೇಕಾದ್ದು ಇಷ್ಟು: ಚಿಕ್ಕ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಸುಮಾರು ಹನ್ನೆರಡೂವರೆಯಿಂದ ಮೂರೂವರೆ ನಾಲ್ಕರ ತನಕ. ದೊಡ್ಡ ಬಸಿಲಿಕಾಗಳು ದಿನವಿಡೀ ತೆರೆದಿರುತ್ತವೆ. ಆದ್ದರಿಂದ ಚಿಕ್ಕ ಚರ್ಚು ಬೆಳಿಗ್ಗೆ, ಅವಶೇಷಗಳು ಮಧ್ಯಾಹ್ನ. ಭಾನುವಾರ ಬೆಳಿಗ್ಗೆ ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಪ್ರಾರ್ಥನೆ, ನಡೆಯುವಾಗ ಫೋಟೊ ತೆಗೆಯುತ್ತಾ ಓಡಾಡುವುದು ಸರಿಯಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತರೆ ಯಾರೂ ಏನೂ ಅನ್ನುವುದಿಲ್ಲ.

ಮೊದಲ ದಿನ: ಕೆಳಗಿನಿಂದ ಶುರುಮಾಡಿ

ಎಲ್ಲರೂ ಕೊಲೋಸಿಯಂ ಕಡೆ ಓಡುವಾಗ ನೀವು ಅದನ್ನು ದಾಟಿ ಐದಾರು ನಿಮಿಷ ಪೂರ್ವಕ್ಕೆ ನಡೆಯಿರಿ. ಅಲ್ಲಿ ಸಾನ್ ಕ್ಲೆಮೆಂತೆ ಚರ್ಚಿದೆ. ರೋಮ್ ಹೇಗೆ ಬೆಳೆಯಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೊದಲ ದಿನವನ್ನು ಭಾನುವಾರ ಇಟ್ಟುಕೊಳ್ಳಬೇಡಿ. ಬೇರೆ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿರಿ.

ಮೇಲಿನ ಚರ್ಚು 12ನೇ ಶತಮಾನದ ಆರಂಭದ್ದು. ಪ್ರವೇಶ ಉಚಿತ. ಬಲಿಪೀಠದ ಹಿಂದಿನ ಅರ್ಧಗುಮ್ಮಟದಲ್ಲಿ ಬಂಗಾರದ ಹಿನ್ನೆಲೆಯ ಮೊಸಾಯಿಕ್, ಅಂದರೆ ಬಣ್ಣದ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ, ಇದೆ. ಶಿಲುಬೆಯ ಮೇಲೆ ಹನ್ನೆರಡು ಪಾರಿವಾಳಗಳು, ಅದರ ಬುಡದಿಂದ ಹೊರಟು ಇಡೀ ಗೋಡೆ ತುಂಬಿದ ಬಳ್ಳಿಯ ಸುರುಳಿಗಳು, ಕೆಳಗೆ ನೀರು ಕುಡಿಯುವ ಜಿಂಕೆಗಳು. ಸಾವಿನ ಚಿತ್ರವನ್ನು ಚಿಗುರುವ ಗಿಡದ ಚಿತ್ರವಾಗಿ ಮಾಡಿದ್ದಾರೆ. ಹತ್ತು ನಿಮಿಷವಾದರೂ ಕೂತು ನೋಡಿ.

ಆಮೇಲೆ ಟಿಕೆಟ್ ಕೊಂಡು ಕೆಳಗೆ ಇಳಿಯಿರಿ. ಮೊದಲ ಅಂತಸ್ತಿನಲ್ಲಿ ಸಿಗುವುದು 4ನೇ ಶತಮಾನದ ಇನ್ನೊಂದು ಚರ್ಚು. 1100ರ ಸುಮಾರಿಗೆ ಇದರೊಳಗೆ ಕಲ್ಲುಮಣ್ಣು ತುಂಬಿ, ಇದನ್ನೇ ಅಡಿಪಾಯ ಮಾಡಿಕೊಂಡು ಮೇಲಿನದನ್ನು ಕಟ್ಟಿದರು. ಆಮೇಲೆ ಜನ ಮರೆತೇಬಿಟ್ಟರು. 1857ರಲ್ಲಿ ಇಲ್ಲಿನ ಡೊಮಿನಿಕನ್ ಸಂಘದ ಐರಿಷ್ ಪಾದ್ರಿ ಜೋಸೆಫ್ ಮುಲೂಲಿ ಅಗೆಯಲು ಶುರುಮಾಡಿದ ಮೇಲೆ ಇದು ಮತ್ತೆ ಹೊರಬಂತು. ಗೋಡೆಯ ಒಂದು ಚಿತ್ರದಲ್ಲಿ ಸಿಸಿನ್ನಿಯಸ್ ಎಂಬ ಸಿರಿವಂತ ತನ್ನ ಆಳುಗಳಿಗೆ ಬೈಯುತ್ತಿದ್ದಾನೆ. ಈ ಚರ್ಚಿಗೆ ಹೆಸರು ಕೊಟ್ಟ ಸಂತ ಕ್ಲೆಮೆಂಟನನ್ನು ಎಳೆದೊಯ್ಯುತ್ತಿದ್ದೇವೆ ಎಂದುಕೊಂಡು ಆಳುಗಳು ಒಂದು ಕಂಬವನ್ನು ಎಳೆಯುತ್ತಿದ್ದಾರೆ. ಅವನ ಬೈಗುಳವನ್ನು ಲ್ಯಾಟಿನ್‌ನಲ್ಲಿ ಅಲ್ಲ, ಬೀದಿಯ ಆಡುಮಾತಿನಲ್ಲೇ ಪಕ್ಕದಲ್ಲಿ ಬರೆದಿದ್ದಾರೆ. ಇಟಾಲಿಯನ್ ಆಡುಮಾತಿನ ತೀರಾ ಹಳೆಯ ಬರಹಗಳಲ್ಲಿ ಇದೂ ಒಂದು.

ಇನ್ನೂ ಕೆಳಗಿಳಿದರೆ 1ನೇ ಶತಮಾನದ ರೋಮನ್ ಕಟ್ಟಡಗಳು. ಎರಡು ಕಟ್ಟಡಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ನೀವು ನಡೆಯುತ್ತೀರಿ. ಒಂದು ಕೋಣೆ ಮಿತ್ರಾಸ್ ದೇವರ ಪೂಜೆಯದು. ಎರಡೂ ಕಡೆ ಕಲ್ಲಿನ ಜಗಲಿ, ನಡುವೆ ಗೂಳಿಯನ್ನು ಕೊಲ್ಲುವ ಮಿತ್ರಾಸನ ಕೆತ್ತನೆಯಿರುವ ಪೀಠ. ಈ ಪಂಥಕ್ಕೆ ಗಂಡಸರಿಗೆ ಮಾತ್ರ ಪ್ರವೇಶವಿತ್ತು. ಪಕ್ಕದಲ್ಲಿ ನೀರು ಹರಿಯುವ ಸದ್ದು ಕೇಳುತ್ತದೆ. ಅಗೆದ ಮೇಲೆ ಈ ಅಂತಸ್ತು ನೀರಲ್ಲೇ ಮುಳುಗಿತ್ತು. 20ನೇ ಶತಮಾನದ ಆರಂಭದಲ್ಲಿ ಸುರಂಗ ತೋಡಿ ನೀರನ್ನು ಹೊರಗೆ ಬಿಟ್ಟರು. ಕೆಳಗೆ ತಂಪು ಮತ್ತು ತೇವ ಇರುತ್ತದೆ, ಮೆಟ್ಟಿಲು ಜಾರುತ್ತದೆ. ಫೋಟೊ ತೆಗೆಯುವ ಹಾಗಿಲ್ಲ. ಮಂಡಿನೋವಿನ ಹಿರಿಯರು ಮೇಲೆ ಮೊಸಾಯಿಕ್ ಮುಂದೆಯೇ ಕೂತಿರುವುದು ಒಳ್ಳೆಯದು.

ಮೇಲೆ ಬರುವ ಹೊತ್ತಿಗೆ ಹನ್ನೊಂದೂವರೆ ಆಗಿರುತ್ತದೆ. ಈಗ ಕೊಲೋಸಿಯಂಗೆ ನಡೆಯಿರಿ.

ಕೊಲೋಸಿಯಂ ಬಗ್ಗೆ ಎಲ್ಲರಿಗೂ ಗೊತ್ತು. ಕ್ರಿ.ಶ. 80ರಲ್ಲಿ ತೀತಸ್ ಚಕ್ರವರ್ತಿ ಉದ್ಘಾಟಿಸಿದ್ದು. 189 ಮೀಟರ್ ಉದ್ದ, 156 ಮೀಟರ್ ಅಗಲ. ನೀವು ನೋಡಬೇಕಾದ್ದು ಗೋಡೆಯ ಮೇಲಿನ ತೂತುಗಳನ್ನು. ಕಲ್ಲುಗಳನ್ನು ಹಿಡಿದಿಟ್ಟಿದ್ದ ಕಬ್ಬಿಣದ ಕೊಂಡಿಗಳನ್ನು ಮಧ್ಯಯುಗದಲ್ಲಿ ಜನ ಕೆತ್ತಿ ತೆಗೆದ ಗುರುತು ಅದು. 1349ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಕುಸಿಯಿತು. ಬಿದ್ದ ಕಲ್ಲು ಅರಮನೆಗಳಿಗೆ, ಚರ್ಚುಗಳಿಗೆ ಹೋಯಿತು. 18ನೇ ಶತಮಾನದ ನಡುವೆ ಪೋಪ್ 14ನೇ ಬೆನೆಡಿಕ್ಟ್ ಈ ಜಾಗವನ್ನು ಕ್ರಿಸ್ತನ ಯಾತನೆಯ ಸ್ಮರಣೆಗೆ ಮೀಸಲಿಟ್ಟ ಮೇಲೆ ಕಲ್ಲು ಸಾಗಿಸುವುದು ನಿಂತಿತು. ಕಿತ್ತುಕೊಂಡವರೂ ಚರ್ಚಿನವರೇ, ಕಾಪಾಡಿದವರೂ ಚರ್ಚಿನವರೇ. ಒಳಗೆ ಒಂದೂಕಾಲು ಗಂಟೆ ಸಾಕು.

ಹೊರಬಂದು ಏನಾದರೂ ತಿಂದು ಫೋರಂಗೆ ಹೋಗಿ. ಕೊಲೋಸಿಯಂ ಎದುರಿನ ಹೋಟೆಲುಗಳಲ್ಲಿ ದುಡ್ಡು ಜಾಸ್ತಿ, ರುಚಿ ಕಡಿಮೆ. ಮೊಂತಿ ಬಡಾವಣೆಯ ಕಡೆ ಹತ್ತು ನಿಮಿಷ ನಡೆದರೆ ತೂಕದ ಲೆಕ್ಕದಲ್ಲಿ ಪಿಜ್ಜಾ ಕತ್ತರಿಸಿ ಕೊಡುವ ಅಂಗಡಿಗಳು ಸಿಗುತ್ತವೆ.

ಫೋರಂನಲ್ಲಿ ಮೊದಲು ಹುಡುಕಬೇಕಾದ್ದು ಆಂಟೊನೈನಸ್ ಮತ್ತು ಫಾಸ್ಟಿನಾ ದೇವಾಲಯ. ತೀರಿಕೊಂಡ ಹೆಂಡತಿಗಾಗಿ ಆಂಟೊನೈನಸ್ ಚಕ್ರವರ್ತಿ ಕ್ರಿ.ಶ. 141ರಲ್ಲಿ ಕಟ್ಟಿಸಲು ಶುರುಮಾಡಿದ್ದು. ಎತ್ತರದ ಹತ್ತು ಕಂಬಗಳ ಹಿಂದೆ ಸಾನ್ ಲೊರೆಂಜೊ ಇನ್ ಮಿರಾಂದಾ ಚರ್ಚಿನ ಮುಖ ಕಾಣುತ್ತದೆ. ಅದರ ಬಾಗಿಲನ್ನು ನೋಡಿ. ಗೋಡೆಯ ನಡುವೆ, ಯಾವ ಮೆಟ್ಟಿಲೂ ತಲುಪದ ಎತ್ತರದಲ್ಲಿದೆ. 17ನೇ ಶತಮಾನದಲ್ಲಿ ಈ ಮುಂಭಾಗ ಕಟ್ಟಿದಾಗ ನೆಲ ಅಲ್ಲೇ ಇತ್ತು. ಫೋರಂ ಪೂರ್ತಿ ಮಣ್ಣಲ್ಲಿ ಹೂತು, ಮೇಲೆ ದನ ಮೇಯುತ್ತಿದ್ದವು. ದನಗಳ ಬಯಲು ಎಂಬ ಅರ್ಥದಲ್ಲಿ ಜನ ಇದನ್ನು ಕಾಂಪೊ ವಚ್ಚೀನೊ ಎಂದೇ ಕರೆಯುತ್ತಿದ್ದರು. 19ನೇ ಶತಮಾನದಲ್ಲಿ ಅಗೆದು ಹಳೆಯ ನೆಲ ಮುಟ್ಟಿದ ಮೇಲೆ ಬಾಗಿಲು ಗಾಳಿಯಲ್ಲಿ ಉಳಿಯಿತು. ಬೆಳಿಗ್ಗೆ ಸಾನ್ ಕ್ಲೆಮೆಂತೆ ನೋಡಿ ಬಂದವರಿಗೆ ಇದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಮುಂದೆ ಇಟ್ಟಿಗೆಯ ಎತ್ತರದ ಕಟ್ಟಡ, ಸೆನೆಟ್ ಸಭೆ ಸೇರುತ್ತಿದ್ದ ಕೂರಿಯಾ. ಇಷ್ಟು ಗಟ್ಟಿಯಾಗಿ ನಿಂತಿರಲು ಕಾರಣ, 630ರಲ್ಲಿ ಇದು ಚರ್ಚಾಯಿತು. 1930ರ ದಶಕದಲ್ಲಿ ಚರ್ಚಿನ ಭಾಗಗಳನ್ನು ತೆಗೆದುಹಾಕಿ ಹಳೆಯ ರೂಪಕ್ಕೆ ತಂದರು. ಇದರ ಕಂಚಿನ ಬಾಗಿಲು ಇಲ್ಲಿಲ್ಲ. 17ನೇ ಶತಮಾನದಲ್ಲಿ ಅದನ್ನು ಇದೇ ಊರಿನ ಲ್ಯಾಟರನ್ ಬಸಿಲಿಕಾಗೆ ಸಾಗಿಸಿದರು, ಈಗಲೂ ಅಲ್ಲೇ ಇದೆ. ಸಂಜೆ ಸಮಯ ಉಳಿದರೆ ಹೋಗಿ ನೋಡಬಹುದು.

ಕ್ಯಾಪಿಟೊಲೈನ್ ಬೆಟ್ಟದ ಬುಡದಲ್ಲಿ ಎಂಟು ಕಂಬಗಳ ಶನಿ (ರೋಮನ್ನರ ಸ್ಯಾಟರ್ನ್) ದೇವಾಲಯವಿದೆ. ರೋಮ್‌ನ ಸರ್ಕಾರಿ ಖಜಾನೆ ಇದ್ದದ್ದು ಇಲ್ಲೇ. ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ತಿಬೇರಿಯಸ್ ಕಾಲದ ಬೆಳ್ಳಿ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ಅಲ್ಲಿ ನಿಂತಾಗ ಅದು ನೆನಪಾದರೆ, ಆ ಎಂಟು ಕಂಬಗಳು ಅಷ್ಟೊಂದು ದೂರದವು ಅನ್ನಿಸುವುದಿಲ್ಲ.

ಫೋರಂನಲ್ಲಿ ನೆರಳು ಕಡಿಮೆ. ಟೋಪಿ, ಖಾಲಿ ಬಾಟಲಿ ಇಟ್ಟುಕೊಳ್ಳಿ. ರೋಮ್‌ನ ಬೀದಿಬೀದಿಗಳಲ್ಲಿ ನಾಸೋನಿ ಎಂಬ ಕಬ್ಬಿಣದ ನಲ್ಲಿಗಳಿವೆ, ಸದಾ ತಣ್ಣನೆಯ ಕುಡಿಯುವ ನೀರು ಹರಿಯುತ್ತಿರುತ್ತದೆ. ಮೂತಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಕೊನೆಗೆ ಪಾಲಟೈನ್ ಬೆಟ್ಟ ಹತ್ತಿ ಇಡೀ ಫೋರಂ ಅನ್ನು ಮೇಲಿನಿಂದ ನೋಡಿ. ಚಳಿಗಾಲದಲ್ಲಿ ಬಹಳ ಬೇಗ ಮುಚ್ಚುತ್ತಾರೆ, ಆಗ ಈ ಕ್ರಮವನ್ನು ಚುರುಕಾಗಿ ಮುಗಿಸಬೇಕು.

ಎರಡನೆಯ ದಿನ: ಸ್ನಾನಗೃಹದೊಳಗಿನ ಚರ್ಚು

ತೆರ್ಮಿನಿ ರೈಲು ನಿಲ್ದಾಣದ ಹತ್ತಿರವೇ ಸಾಂತಾ ಮರಿಯಾ ದೆಲಿ ಆಂಜೆಲಿ ಇದೆ. ಹೊರಗಿನಿಂದ ಒರಟು ಇಟ್ಟಿಗೆ ಗೋಡೆ, ಇದು ಚರ್ಚು ಅಂತ ಅನಿಸುವುದೇ ಇಲ್ಲ. ಡಯೋಕ್ಲೀಷಿಯನ್ ಚಕ್ರವರ್ತಿಯ ಸಾರ್ವಜನಿಕ ಸ್ನಾನಗೃಹದ ದೊಡ್ಡ ಹಜಾರವನ್ನು 1560ರ ದಶಕದಲ್ಲಿ ಮೈಕೆಲಾಂಜೆಲೊ ಚರ್ಚಾಗಿ ಮಾರ್ಪಡಿಸಿದ. ಆಗ ಅವನಿಗೆ ಎಂಬತ್ತು ದಾಟಿತ್ತು. ಎಂಟು ಕೆಂಪು ಗ್ರಾನೈಟ್ ಕಂಬಗಳು ಪ್ರಾಚೀನ ಕಾಲದವು. ನೆಲವನ್ನು ಸುಮಾರು ಎರಡು ಮೀಟರ್ ಏರಿಸಿದ್ದರಿಂದ ಅವುಗಳ ನಿಜವಾದ ಬುಡ ಹೂತುಹೋಗಿದೆ. ಪ್ರಾಚೀನ ರೋಮ್‌ನ ದೊಡ್ಡ ಕಟ್ಟಡವೊಂದರ ಒಳಗೆ, ಚಾವಣಿಯ ಸಮೇತ, ನಿಂತರೆ ಹೇಗಿರುತ್ತಿತ್ತು ಎಂದು ತಿಳಿಯಬೇಕಾದರೆ ಇಲ್ಲಿಗೇ ಬರಬೇಕು. ಟಿಕೆಟ್ ಇಲ್ಲ, ಜನಸಂದಣಿಯೂ ಇಲ್ಲ.

ನೆಲದಲ್ಲಿ 1702ರಲ್ಲಿ ಫ್ರಾಂಚೆಸ್ಕೊ ಬಿಯಾಂಕಿನಿ ಹಾಕಿದ ಹಿತ್ತಾಳೆಯ ಗೆರೆಯಿದೆ. ಗೋಡೆಯ ಸಣ್ಣ ತೂತಿನಿಂದ ಬರುವ ಬಿಸಿಲು ಸೂರ್ಯ ನೆತ್ತಿಗೆ ಬಂದಾಗ ಈ ಗೆರೆಯನ್ನು ದಾಟುತ್ತದೆ. ಚಳಿಗಾಲದಲ್ಲಿ ಸುಮಾರು 12:15ಕ್ಕೆ, ಬೇಸಿಗೆಯಲ್ಲಿ 1:15ರ ಸುಮಾರಿಗೆ. ಆ ಹೊತ್ತಿಗೇ ಹೋಗಿ. ಮಕ್ಕಳಿಗೆ ತುಂಬ ಇಷ್ಟವಾಗುತ್ತದೆ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸಾಂತಾ ಮರಿಯಾ ಮಜ್ಜೋರೆ ಬಸಿಲಿಕಾ. ನಡುಸಾಲಿನ ಗೋಡೆಯ ಮೇಲಿನ ಮೊಸಾಯಿಕ್‌ಗಳು 5ನೇ ಶತಮಾನದವು. 2025ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಸಮಾಧಿ ಇಲ್ಲಾದ ಮೇಲೆ ಸಾಲು ಉದ್ದವಾಗಿದೆ. ಪಕ್ಕದ ಓಣಿಯಲ್ಲಿ ಸಾಂತಾ ಪ್ರಸ್ಸೆದೆ ಎಂಬ ಚಿಕ್ಕ ಚರ್ಚು. ಅದರೊಳಗಿನ ಸಂತ ಜೀನೋನ ಪುಟ್ಟ ಕೋಣೆ 9ನೇ ಶತಮಾನದ ಚಿನ್ನದ ಮೊಸಾಯಿಕ್‌ನಿಂದ ತುಂಬಿದೆ. ಬೆಳಕಿನ ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ರೋಮ್‌ನ ಅನೇಕ ಚರ್ಚುಗಳಲ್ಲಿ ಈ ವ್ಯವಸ್ಥೆ ಇದೆ, ಆದ್ದರಿಂದ ಚಿಲ್ಲರೆ ಇಟ್ಟುಕೊಂಡಿರಿ.

ಮೂರನೆಯ ದಿನ: ಪಾಂಥಿಯಾನ್‌ನಿಂದ ನದಿಯ ತನಕ

ಪಾಂಥಿಯಾನ್ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. 2023ರ ಜುಲೈನಿಂದ 5 ಯೂರೊ ಪ್ರವೇಶ ಶುಲ್ಕವಿದೆ. 2ನೇ ಶತಮಾನದ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಈಗಿನ ರೂಪ ಪಡೆದ ಈ ದೇವಾಲಯ 609ರಲ್ಲಿ ಚರ್ಚಾಯಿತು. ದಾನ ಕೊಟ್ಟವನು ಫೋಕಸ್ ಚಕ್ರವರ್ತಿ. ಮೊದಲ ದಿನ ಫೋರಂನಲ್ಲಿ ಒಂಟಿ ಕಂಬವೊಂದನ್ನು ನೋಡಿರುತ್ತೀರಿ, ಅದು 608ರಲ್ಲಿ ಅವನಿಗೇ ಅರ್ಪಿಸಿದ್ದು. ಗುಮ್ಮಟದ ಅಡ್ಡಳತೆ 43.3 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ಉಕ್ಕಿನ ಸರಳು ಇಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಜಗತ್ತಿನಲ್ಲೇ ದೊಡ್ಡದು. ನೆತ್ತಿಯ ತೆರೆದ ಕಣ್ಣಿನಿಂದ ಮಳೆ ನೇರ ಒಳಗೆ ಬೀಳುತ್ತದೆ, ನೆಲದ ತೂತುಗಳಲ್ಲಿ ಹರಿದುಹೋಗುತ್ತದೆ. ಮಳೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿಗೆ ಬನ್ನಿ.

ಹೊರಬಂದ ಮೇಲೆ ಚೌಕದ ಇಳಿಜಾರನ್ನು ಗಮನಿಸಿ. ನೀವು ಪಾಂಥಿಯಾನ್‌ಗೆ ಇಳಿದು ಬರುತ್ತೀರಿ. ಪ್ರಾಚೀನರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಯಾಕೆ ಎಂಬುದಕ್ಕೆ ಉತ್ತರ ಹಿಂದಿನ ಬೀದಿಯಲ್ಲೇ ಇದೆ. ಸಾಂತಾ ಮರಿಯಾ ಸೋಪ್ರಾ ಮಿನೆರ್ವಾ ಚರ್ಚಿನ ಮುಂಗೋಡೆಯ ಬಲಭಾಗದಲ್ಲಿ ಕಲ್ಲುಫಲಕಗಳಿವೆ. ತೀಬರ್ ಪ್ರವಾಹ ಎಲ್ಲಿಯ ತನಕ ಏರಿತ್ತು ಎಂಬ ಗುರುತುಗಳು ಅವು. 1598ರ ಗುರುತು ತಲೆಗಿಂತ ಎಷ್ಟೋ ಮೇಲಿದೆ. ಕೊನೆಯ ದೊಡ್ಡ ಪ್ರವಾಹ 1870ರ ಡಿಸೆಂಬರಿನದು, ಅದಾದ ಮೇಲೆ ನದಿಗೆ ಎತ್ತರದ ದಡಗೋಡೆ ಕಟ್ಟಿದರು. ಬಹಳ ಜನ ಎದುರಿನ, ಶಿಲ್ಪಿ ಬೆರ್ನಿನಿ ರೂಪಿಸಿದ ಕಲ್ಲಿನ ಆನೆಯ ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ತಿರುಗಿ ಗೋಡೆಯನ್ನೂ ನೋಡಿ.

ಮುಂದೆ ಲಾರ್ಗೊ ಅರ್ಜೆಂತೀನಾ ಎಂಬ ಚೌಕ. ರಸ್ತೆಯ ಮಟ್ಟಕ್ಕಿಂತ ಆಳದಲ್ಲಿ ನಾಲ್ಕು ದೇವಾಲಯಗಳು, 1920ರ ದಶಕದಲ್ಲಿ ಹೊರಬಂದವು. ಜೂಲಿಯಸ್ ಸೀಸರನನ್ನು ಕೊಂದ ಜಾಗ ಇದಕ್ಕೆ ಅಂಟಿಕೊಂಡೇ ಇದೆ. ಒಂದು ದೇವಾಲಯದೊಳಗೆ ಮಧ್ಯಯುಗದ ಚರ್ಚಿನ ಗೋಡೆಯ ತುಂಡು ಇನ್ನೂ ಕಾಣುತ್ತದೆ. ರಸ್ತೆಯ ಕಟಾಂಜನದಿಂದಲೇ ಎಲ್ಲ ಕಾಣುತ್ತದೆ. ಬೆಕ್ಕುಗಳ ಆಶ್ರಯವೂ ಇಲ್ಲಿದೆ.

ಅಲ್ಲಿಂದ ನದಿಯ ಕಡೆಗೆ ಇಳಿದರೆ ಮಾರ್ಸೆಲಸ್ ರಂಗಮಂದಿರ, ಅದರ ಪಕ್ಕ ಸಾನ್ ನಿಕೋಲಾ ಇನ್ ಕಾರ್ಚೆರೆ. ಈ ಚರ್ಚಿನ ಪಕ್ಕದ ಗೋಡೆಗೆ ಹೋಗಿ. ಮೂರು ಪ್ರಾಚೀನ ದೇವಾಲಯಗಳ ಸಾಲಿನ ಮೇಲೆ ಇದನ್ನು ಕಟ್ಟಿದ್ದಾರೆ. ದೇವಾಲಯದ ಕಂಬಗಳು ಹಾಗೇ ಗೋಡೆಯೊಳಗೆ ಸಿಕ್ಕಿಕೊಂಡಿವೆ, ನಡುವಿನ ಜಾಗಕ್ಕೆ ಇಟ್ಟಿಗೆ ತುಂಬಿದ್ದಾರೆ. ಕೈಯಿಂದ ಮುಟ್ಟಿ ನೋಡಬಹುದು. ಇಡೀ ದಾರಿಯಲ್ಲಿ ನನಗೆ ಅತಿ ಇಷ್ಟವಾದ ಗೋಡೆ ಇದು. ನಾವು ನಿಂತಷ್ಟೂ ಹೊತ್ತು ಬೇರೆ ಪ್ರವಾಸಿಗರು ಯಾರೂ ಬರಲಿಲ್ಲ.

ಇನ್ನೂ ಐದು ನಿಮಿಷ ನಡೆದರೆ ಹರ್ಕ್ಯುಲಿಸನ ದುಂಡು ದೇವಾಲಯ ಮತ್ತು ಪೋರ್ತುನಸ್ ದೇವಾಲಯ. ಎರಡೂ ಬಹುಕಾಲ ಚರ್ಚುಗಳಾಗಿದ್ದವು, ಅದಕ್ಕೇ ಇವತ್ತಿಗೂ ನಿಂತಿವೆ. ಎದುರಿನ ಸಾಂತಾ ಮರಿಯಾ ಇನ್ ಕೊಸ್ಮೆದಿನ್‌ನಲ್ಲಿ ಕಲ್ಲಿನ ಮುಖವೊಂದರ ಬಾಯಿಯೊಳಗೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳಲು ದೊಡ್ಡ ಸಾಲಿರುತ್ತದೆ. ಆ ಸಾಲು ಬಿಟ್ಟು ಚರ್ಚಿನ ಒಳಗೆ ಹೋಗಿ, ಬಣ್ಣದ ಕಲ್ಲಿನ ನೆಲಹಾಸು ನೋಡಿ.

ಊಟ ಮತ್ತು ಜೇಬು

ಸಸ್ಯಾಹಾರಿಗಳು ಎರಡು ಮಾತು ಕಲಿತರೆ ಸಾಕು: ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ. ಮಾಂಸ ಬೇಡ, ಮೀನು ಬೇಡ. ಮೀನನ್ನು ಬೇರೆಯಾಗಿ ಹೇಳಲೇಬೇಕು, ಏಕೆಂದರೆ ತರಕಾರಿಯ ಸಾಸಿನಲ್ಲೂ ಆಂಚೊವಿ ಎಂಬ ಸಣ್ಣ ಮೀನು ಹಾಕುತ್ತಾರೆ. ಅಲ್ಲಿನ ಪೆಕೊರಿನೊ ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಿಸಲು ಪ್ರಾಣಿಜನ್ಯ ರೆನೆಟ್ ಬಳಸುತ್ತಾರೆ. ಅದೂ ಬೇಡ ಎನ್ನುವವರಿಗೆ ಮರಿನಾರಾ ಪಿಜ್ಜಾ ಒಳ್ಳೆಯದು, ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿಯಿರಿ. ಕೂತರೆ ಬೆಲೆ ಏರುತ್ತದೆ.

ಮೆಟ್ರೊದಲ್ಲೂ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸಿನಲ್ಲೂ ಜೇಬುಗಳ್ಳರ ಕಾಟ ಇದೆ. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಬ್ಯಾಗ್ ಎದೆಯ ಮೇಲಿರಲಿ. ಕೈಗೆ ದಾರ ಕಟ್ಟಲು ಬರುವವರಿಗೆ ಬೇಡ ಎಂದು ಹೇಳಿ ಮುಂದೆ ನಡೆಯಿರಿ.

ನಾಲ್ಕನೆಯ ದಿನ: ಸಂತ ಪೇತ್ರರ ಅಡಿಯಲ್ಲಿ

ಬುಧವಾರ ಬೇಡ. ಅಂದು ಬೆಳಿಗ್ಗೆ ಪೋಪ್ ಅವರ ಸಾರ್ವಜನಿಕ ದರ್ಶನದ ಗದ್ದಲ ಇರುತ್ತದೆ. ಬೇರೆ ದಿನ ಬೆಳಿಗ್ಗೆ ಏಳಕ್ಕೇ ಚೌಕದಲ್ಲಿದ್ದರೆ ತಪಾಸಣೆಯ ಸಾಲು ಚಿಕ್ಕದು. ಬಸಿಲಿಕಾ ಪ್ರವೇಶ ಉಚಿತ. 1506ರಲ್ಲಿ ಶುರುವಾಗಿ 1626ರಲ್ಲಿ ಪ್ರತಿಷ್ಠೆಯಾದ ಕಟ್ಟಡ ಇದು. ಮೈಕೆಲಾಂಜೆಲೊನ ಪಿಯೆತಾ, ಅಂದರೆ ಸತ್ತ ಯೇಸುವನ್ನು ಮಡಿಲಲ್ಲಿಟ್ಟುಕೊಂಡ ಮರಿಯಾಳ ಶಿಲ್ಪ, ಬಲಗಡೆಯ ಮೊದಲ ಕೋಣೆಯಲ್ಲಿದೆ. ಜನ ತುಂಬುವ ಮುಂಚೆ ಅದನ್ನು ನೋಡಿಬಿಡಿ. ಗುಮ್ಮಟ ಹತ್ತಲು 551 ಮೆಟ್ಟಿಲು. ಲಿಫ್ಟ್ ಹಿಡಿದರೂ ಕೊನೆಯ 320 ಮೆಟ್ಟಿಲು ನಡೆಯಲೇಬೇಕು.

ಸ್ಕಾವಿ ಅನುಮತಿ ಸಿಕ್ಕಿದ್ದರೆ ನಿಗದಿತ ಸಮಯಕ್ಕೆ ಕಾಲು ಗಂಟೆ ಮುಂಚೆ ಬಸಿಲಿಕಾದ ಎಡಗಡೆಯ ಕಾವಲುಗಾರರ ಬಳಿ ಹೋಗಿ ಪತ್ರ ತೋರಿಸಿ. ದೊಡ್ಡ ಬ್ಯಾಗ್ ಬಿಡುವುದಿಲ್ಲ. ಕೆಳಗೆ 1939ರ ನಂತರ ಅಗೆದು ತೆಗೆದ ರೋಮನ್ ಸ್ಮಶಾನದ ಬೀದಿಯೇ ಇದೆ. ಇಟ್ಟಿಗೆಯ ಪುಟ್ಟ ಮನೆಗಳಂಥ ಸಮಾಧಿಗಳು ಸಾಲಾಗಿವೆ. ಬಾಗಿಲ ಮೇಲೆ ಮನೆತನದ ಹೆಸರು, ಒಳಗೆ ಚಿತ್ರಗಳು. ಹೆಚ್ಚಿನವು ಕ್ರೈಸ್ತರದ್ದಲ್ಲ. 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಈ ಬೀದಿಗೆ ಮಣ್ಣು ತುಂಬಿಸಿ ಮೊದಲ ಬಸಿಲಿಕಾ ಕಟ್ಟಿಸಿದ. ಬೇರೆ ಸಮತಟ್ಟು ಜಾಗ ಹತ್ತಿರದಲ್ಲಿದ್ದರೂ ಗುಡ್ಡ ಕಡಿದು, ಸ್ಮಶಾನ ಹೂತು, ಇಲ್ಲೇ ಕಟ್ಟಿದ. ಯೇಸುವಿನ ಶಿಷ್ಯ ಪೇತ್ರನ ಸಮಾಧಿ ಇದೇ ಜಾಗದಲ್ಲಿದೆ ಎಂದು ಅವನ ಕಾಲದವರು ಅಷ್ಟು ಗಟ್ಟಿಯಾಗಿ ನಂಬಿದ್ದರು. ಆ ಜಾಗದ ನೇರ ಮೇಲೆ ಈಗಿನ ಬಲಿಪೀಠ, ಅದರ ಮೇಲೆ ಗುಮ್ಮಟ.

ಒಳಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಸೆಕೆ ಮತ್ತು ತೇವ ಜಾಸ್ತಿ, ದಾರಿ ಕಿರಿದು. ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟುವವರು ಹೋಗುವುದು ಬೇಡ. ವ್ಯಾಟಿಕನ್ ಮ್ಯೂಸಿಯಂ ಅನ್ನು ಅದೇ ದಿನಕ್ಕೆ ತುರುಕಬೇಡಿ. ಅದಕ್ಕೆ ಅರ್ಧ ದಿನವಾದರೂ ಬೇಕು, ಟಿಕೆಟ್ ಕೂಡ ಬೇರೆ.